ಬೋರ್ಡ್ ಮೇಲೇ ಅಳೆದರೆ ಸಾಲದು
ಡಯೋಡನ್ನು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಮಲ್ಟಿಮೀಟರ್‌ನಲ್ಲಿ ಪರೀಕ್ಷಿಸುವ ಬಗ್ಗೆ ನಿಮ್ಮ ಲೇಖನದಲ್ಲಿ, ಮೀಟರ್ ಒಂದು ಕಡೆ 0.6 ವೋಲ್ಟ್, ತಿರುಗಿಸಿದರೆ ಓಎಲ್ (ಕರೆಂಟ್ ಹರಿಯುತ್ತಿಲ್ಲ ಎಂಬ ಸೂಚನೆ) ತೋರಿಸಿದರೆ ಡಯೋಡ್ ಸರಿಯಿದೆ ಎಂದು ಬರೆದಿದ್ದೀರಿ. ಸಿಲಿಕಾನ್ ಡಯೋಡನ್ನು ಬಿಡಿಯಾಗಿ ಅಳೆದಾಗ ಇದು ನಿಜ. ಸರ್ಕ್ಯೂಟ್ ಬೋರ್ಡ್ ಮೇಲಿದ್ದಾಗ ಹಾಗಲ್ಲ. ಅದಕ್ಕೆ ಅಡ್ಡಲಾಗಿ ಟ್ರಾನ್ಸ್‌ಫಾರ್ಮರ್ ಕಾಯಿಲ್ ಅಥವಾ ಕಡಿಮೆ ಓಮ್‌ನ ರೆಸಿಸ್ಟರ್ ಇದ್ದರೆ ಎರಡೂ ಕಡೆ ಸೊನ್ನೆಯ ಹತ್ತಿರವೇ ಬರುತ್ತದೆ. ಶಾರ್ಟ್ ಆಗಿದೆ ಅಂದುಕೊಂಡು ಒಳ್ಳೆಯ ಡಯೋಡನ್ನೇ ಸುಮ್ನೆ ಕಿತ್ತು ಬಿಸಾಡುತ್ತಾರೆ, ಅಲ್ವಾ? ಡಯೋಡಿನ ಒಂದು ಕಾಲನ್ನು ಬೋರ್ಡ್‌ನಿಂದ ಬಿಡಿಸಿ ಅಳೆಯಬೇಕು. ಷಾಟ್ಕಿ (ಕಡಿಮೆ ವೋಲ್ಟೇಜಿನಲ್ಲೇ ಕರೆಂಟ್ ಬಿಡುವ ಬಗೆಯ ಡಯೋಡ್) ಆದರೆ 0.2, 0.3 ವೋಲ್ಟ್ ಬಂದರೂ ಗಾಬರಿ ಬೇಡ, ಅದರ ಗುಣವೇ ಅದು.

ಇನ್ನೊಂದು ಮಾತು. ಡಯೋಡ್ ಮೋಡ್‌ನಲ್ಲಿ (ಡಯೋಡ್ ಅಳೆಯಲೆಂದೇ ಇರುವ ಸೆಟ್ಟಿಂಗ್) ಮೀಟರ್ ಕೊಡುವುದು ಕೆಲವೇ ವೋಲ್ಟ್. ಜಾಸ್ತಿ ವೋಲ್ಟೇಜಿನಲ್ಲಿ ಮಾತ್ರ ಲೀಕ್ ಆಗುವ (ಹಿಮ್ಮುಖವಾಗಿ ಕರೆಂಟ್ ಸೋರುವ) ಡಯೋಡ್ ಇದರಲ್ಲಿ ಸಿಕ್ಕಿಬೀಳುವುದಿಲ್ಲ. ಅನುಮಾನವಿದ್ದರೆ ಬದಲಿಸಿ ನೋಡುವುದೇ ಒಳ್ಳೆಯದು. ಅಳೆಯುವ ಮೊದಲು ಪವರ್ ತೆಗೆದು, ದೊಡ್ಡ ಕೆಪಾಸಿಟರ್ ಡಿಸ್ಚಾರ್ಜ್ ಮಾಡುವ (ಅದರಲ್ಲಿ ಉಳಿದ ವಿದ್ಯುತ್ತನ್ನು ಖಾಲಿ ಮಾಡುವ) ಎಚ್ಚರಿಕೆಯನ್ನು ದಯವಿಟ್ಟು ಲೇಖನದ ಮೊದಲಲ್ಲೇ ಸೇರಿಸಿ.