ಹೊಸ ಪದವೀಧರರ ಸಂಬಳದಲ್ಲಿ ಸರ್ಕಾರದ ಪಾಲು ಬೇಕಾ?

ಪರ: ಕಲಿಸುವ ಖರ್ಚು ಯಾರಾದರೂ ಹೊರಬೇಕಲ್ಲ (ಶಿರಸಿಯಿಂದ)

ಬಿಕಾಂ ಮುಗಿಸಿದ ಹುಡುಗಿ ಶಿರಸಿ ಪೇಟೆಯಲ್ಲಿ ಕೆಲಸ ಕೇಳಿಕೊಂಡು ಹೋದರೆ ಮೊದಲ ಪ್ರಶ್ನೆ ಒಂದೇ: "ಟ್ಯಾಲಿ (ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್) ಬರ್ತದಾ? ಮೊದ್ಲು ಎಲ್ಲಿ ಮಾಡಿದ್ದೆ?" ಎಲ್ಲೂ ಇಲ್ಲ ಅಂದರೆ ಮಾತು ಅಲ್ಲಿಗೇ ಮುಗೀತು.

ಅಂಗಡಿಯವರನ್ನು ಬೈಯಲು ನನಗೆ ಮನಸ್ಸಿಲ್ಲ. ನಾನು ಅವರದ್ದೇ ಲೆಕ್ಕ ನೋಡುವವನು. ಅಡಿಕೆ ವಖಾರಿ, ಹಾರ್ಡ್‌ವೇರ್ ಅಂಗಡಿ, ಜೇನು-ಮುರುಗಲು ಬಾಟಲಿ ತುಂಬುವ ಚಿಕ್ಕ ಘಟಕ, ಹೀಗೆ. ಹೊಸಬರು ಬಂದ ಮೊದಲ ಕೆಲವು ತಿಂಗಳು ಬಿಲ್ ತಪ್ಪುತ್ತದೆ. 11ನೇ ತಾರೀಕಿಗೆ ಹೋಗಬೇಕಾದ ಜಿಎಸ್‌ಟಿ ರಿಟರ್ನ್ ತಡವಾಗುತ್ತದೆ. ಮಾಲೀಕ ತನ್ನ ವ್ಯಾಪಾರ ಬಿಟ್ಟು ಪಕ್ಕದಲ್ಲಿ ಕುಳಿತು ಕಲಿಸಬೇಕು, ಮೇಲಿಂದ ಸಂಬಳವನ್ನೂ ಕೊಡಬೇಕು, ಇಷ್ಟೆಲ್ಲ ಮಾಡಿ ಕೈ ಕುದುರಿತು ಅನ್ನುವಾಗ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಯಾರೋ ನಾಲ್ಕು ಸಾವಿರ ಜಾಸ್ತಿ ಕೊಡುತ್ತೇನೆ ಅಂತ ಕರೆದುಕೊಂಡು ಹೋಗುತ್ತಾರೆ. ಕಲಿಸಿದವನು ಒಬ್ಬ, ಉಪಯೋಗ ಇನ್ನೊಬ್ಬನಿಗೆ. ದೊಡ್ಡ ಕಂಪನಿ ಇದನ್ನು ತಡೆದುಕೊಳ್ಳುತ್ತದೆ. ನಾಲ್ಕು ಜನರ ಅಂಗಡಿ ತಡೆಯಲ್ಲ. ಹಾಗಾಗಿ ಅಣ್ಣನ ಮಗನನ್ನೇ ಕೂರಿಸಿಕೊಳ್ಳುತ್ತಾರೆ.

ಕಲಿತ ಕೆಲಸ ಊರಿಗೆಲ್ಲ ಉಪಯೋಗಕ್ಕೆ ಬರುವುದಾದರೆ ಅದರ ಖರ್ಚಿನಲ್ಲೂ ಊರಿನ ಪಾಲು ಇರಲಿ. ಇಷ್ಟೇ ನನ್ನ ವಾದ. ಇದೇನೂ ಹೊಸ ವಿಚಾರವಲ್ಲ. ಕೆಲಸ ಮಾಡುತ್ತಲೇ ಕಲಿಯುವವರಿಗಾಗಿ ಅಪ್ರೆಂಟಿಸ್ ಕಾಯ್ದೆ 1961ರಿಂದಲೇ ಇದೆ. 2019ರ ನಿಯಮದಲ್ಲಿ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಅಂತಾಯಿತು, ಅದರ ಅರ್ಧ, ಅಂದರೆ 4,500 ರೂಪಾಯಿ, ಕೇಂದ್ರ ಕೊಡುತ್ತದೆ. ನಮ್ಮ ಪೇಟೆಯಲ್ಲಿ ಇದನ್ನು ಬಳಸಿಕೊಂಡವರು ಎಷ್ಟು ಜನ? ನನ್ನ ಗಿರಾಕಿಗಳಲ್ಲಂತೂ ಹೆಚ್ಚಿನವರಿಗೆ ಹೆಸರೇ ಗೊತ್ತಿಲ್ಲ.

ಯುವನಿಧಿ ಮಾತ್ರ ಎಲ್ಲರಿಗೂ ಗೊತ್ತು. ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ 2024ರ ಜನವರಿಯಿಂದ ರಾಜ್ಯ ಸರ್ಕಾರ ತಿಂಗಳಿಗೆ 3,000 ರೂಪಾಯಿ ಕೊಡುತ್ತಿದೆ, ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕಿತೋ, ಹಣ ನಿಂತಿತು. ಬೇಡ ಅನ್ನುತ್ತಿಲ್ಲ, ಅರ್ಜಿ ಹಾಕಲು, ಬಸ್ಸಿಗೆ ಅದು ಆಗುತ್ತದೆ. ಆದರೆ ಅದೇ 3,000 ಕೆಲಸಕ್ಕೆ ಸೇರಿದ ಮೇಲೂ ಸಂಬಳದ ಜೊತೆ ಬಂದರೆ? ಅಂಗಡಿಯವರು 9,000 ಹಾಕಿದರೆ ಕೈಗೆ 12,000 ಆಗುತ್ತದೆ. ಮನೆಯ ಊಟ, ಬಾಡಿಗೆಯ ಖರ್ಚಿಲ್ಲ. ಬೆಂಗಳೂರಿನಲ್ಲಿ 18,000 ತಗೊಂಡು ಪಿಜಿಗೆ ಸುರಿಯುವುದಕ್ಕಿಂತ ಕಡಿಮೆಯೇನಲ್ಲ. ಸಿದ್ದಾಪುರ, ಯಲ್ಲಾಪುರದ ಕಡೆ ದೊಡ್ಡ ದೊಡ್ಡ ಮನೆಗಳಲ್ಲಿ ಈಗ ಅಜ್ಜ-ಅಜ್ಜಿ ಇಬ್ಬರೇ. ಅದನ್ನು ಕಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ವಿರೋಧ: ಗಿರಾಕಿ ಇಲ್ಲದಿದ್ದರೆ ಸಬ್ಸಿಡಿ ತಗೊಂಡು ಏನು ಮಾಡಲಿ (ಕಾರವಾರದಿಂದ)

ಶಿರಸಿಯವರು ಕಲಿಸುವ ಕಷ್ಟ ಹೇಳಿದ್ದು ನಿಜ. ಆದರೆ ಅವರು ಹಣ ಕೊಡುವ ಯೋಜನೆಗಳ ಷರತ್ತು ಓದಿಲ್ಲ ಅಂತ ಕಾಣುತ್ತದೆ, ಅಥವಾ ಓದಿಯೂ ಹೇಳಲಿಲ್ಲ.

ನನ್ನದು ಮೂರು ಜನರ ಪ್ರಿಂಟಿಂಗ್ ಅಂಗಡಿ. ಕೇಂದ್ರದ ಹೊಸ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ನೋಡಿ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೇರಿಸಿಕೊಂಡ ಹೊಸ ಕೆಲಸಗಾರರಿಗೆ ತಲಾ 3,000 ರೂಪಾಯಿವರೆಗೆ, ತಿಂಗಳ ಲೆಕ್ಕದಲ್ಲಿ, ಮಾಲೀಕರಿಗೆ ಸಿಗುತ್ತದೆ, ಎರಡು ವರ್ಷ. ಕೇಳಲು ಚೆನ್ನಾಗಿದೆ, ಅಲ್ವಾ? ಈಗ ಒಳಗೆ ಬನ್ನಿ. ಎಲ್ಲವೂ ಪಿಎಫ್ (ಭವಿಷ್ಯ ನಿಧಿ) ಮೂಲಕ. ಪಿಎಫ್ ಕಡ್ಡಾಯವಾಗುವುದು 20 ಜನ ಇದ್ದಲ್ಲಿ. ನಮ್ಮ ಪೇಟೆಯ ಹೆಚ್ಚಿನ ಅಂಗಡಿಗಳಲ್ಲಿ ಅದರ ಕಾಲು ಭಾಗವೂ ಇಲ್ಲ. 50ಕ್ಕಿಂತ ಕಡಿಮೆ ಜನ ಇರುವವರು ಕನಿಷ್ಠ ಇಬ್ಬರನ್ನು ಹೊಸದಾಗಿ ಸೇರಿಸಬೇಕು. ನನಗೆ ಬೇಕಿರುವುದು ಒಬ್ಬರು! ಅವರು ಆರು ತಿಂಗಳು ನಿಲ್ಲಬೇಕು, ಆಮೇಲೆ ಹಣ. ಅಲ್ಲಿಯವರೆಗೆ ನಾನೇ ಗಲ್ಲಾದಿಂದ ಕೊಡಬೇಕು. ಕೈಯಲ್ಲಿ ಆರು ತಿಂಗಳ ಸಂಬಳ ಇಟ್ಟುಕೊಂಡವನಿಗೆ ಸಬ್ಸಿಡಿ ಯಾಕೆ?

15,000 ಸಂಬಳಕ್ಕೆ ಲೆಕ್ಕ ಹಾಕಿ. ಸರ್ಕಾರದಿಂದ 2,000. ಪಿಎಫ್ ಕಡ್ಡಾಯ ಇರುವಲ್ಲಿ ಮಾಲೀಕನ ಪಾಲು ಶೇ. 12, ಅಂದರೆ 1,800. ಉಳಿದದ್ದು 200. ಆಡಳಿತ ಶುಲ್ಕ, ರಿಟರ್ನ್ ತುಂಬುವವರ ಫೀಸು ಕಳೆದರೆ ಅದೂ ಇಲ್ಲ. (ಫೀಸು ಯಾರಿಗೆ ಹೋಗುತ್ತದೆ ಅಂತ ಶಿರಸಿಯವರಿಗೆ ಗೊತ್ತು.) ಕೆಲಸಗಾರರಿಗೆ ಪಿಎಫ್ ಬರುವುದು ಒಳ್ಳೆಯದೇ, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಈ 200 ರೂಪಾಯಿ ನೋಡಿ ಯಾರೂ ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ. ಹೇಗಿದ್ದರೂ ಜನ ತಗೊಳ್ಳಲೇಬೇಕಿದ್ದ ದೊಡ್ಡವರು ತಗೊಂಡು, ಹಣವನ್ನೂ ಪಡೆಯುತ್ತಾರೆ. ಅಪ್ರೆಂಟಿಸ್ ದಾರಿಯಲ್ಲಿ ಇನ್ನೊಂದು ತೊಡಕಿದೆ. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಏನೂ ಇಲ್ಲ. ಈ ವರ್ಷ ಒಬ್ಬಳು, ಮುಂದಿನ ವರ್ಷ ಇನ್ನೊಬ್ಬಳು, ಅರ್ಧ ಸಂಬಳ ಸದಾ ಸರ್ಕಾರದ್ದು.

ಇನ್ನು ಅಸಲು ಕಾರಣ. ಕರಾವಳಿಯಲ್ಲಿ ನಾವು ಜನ ತಗೊಳ್ಳದೇ ಇರುವುದು ಸಂಬಳ ದುಬಾರಿ ಅಂತಲ್ಲ, ಕೆಲಸವೇ ಇಲ್ಲ ಅಂತ. ಜೂನ್, ಜುಲೈ 61 ದಿನ ಯಾಂತ್ರೀಕೃತ ದೋಣಿ ನೀರಿಗಿಳಿಯುವಂತಿಲ್ಲ, ಐಸ್ ಫ್ಯಾಕ್ಟರಿಯಿಂದ ಹಿಡಿದು ಚಹಾ ಅಂಗಡಿವರೆಗೆ ಎಲ್ಲ ತಣ್ಣಗೆ. ಗೋಕರ್ಣದಲ್ಲಿ ಮಳೆಗಾಲಕ್ಕೆ ಎಷ್ಟೋ ಶ್ಯಾಕುಗಳನ್ನು (ಕಡಲತೀರದ ಗುಡಿಸಲು ಹೋಟೆಲುಗಳನ್ನು) ಬಿಚ್ಚಿಯೇ ಇಡುತ್ತಾರೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಕುಮಟಾ ಕಡೆಯ ಆರ್ಡರ್‌ಗಳೇ ನಿಂತುಹೋದವು. ಇಂಥ ಕಡೆ ಸಂಬಳದ ಪಾಲು ಕೊಟ್ಟರೆ ಹೊಸ ಹುಡುಗ ಬಂದು ಸುಮ್ನೆ ಕೂರುತ್ತಾನೆ, ಅಷ್ಟೆ. ಕೈಲಾದವರು ಮಾಜಾಳಿ ದಾಟಿ ಗೋವಾದ ವೆರ್ನಾ ಫ್ಯಾಕ್ಟರಿಗಳಿಗೆ ಹೋಗುತ್ತಾರೆ. ಅಲ್ಲಿಗೆ ಕರೆಯುವುದು ಸಬ್ಸಿಡಿಯಲ್ಲ, ಕೆಲಸ.

ಸರ್ಕಾರಕ್ಕೆ ನಿಜವಾಗಿ ನಮ್ಮಂಥವರಿಗೆ ಏನಾದರೂ ಕೊಡಬೇಕು ಅನಿಸಿದರೆ ಮೊದಲು ಬಾಕಿ ಕೊಡಲಿ. ನೋಂದಾಯಿತ ಸಣ್ಣ ಉದ್ಯಮದಿಂದ ತಗೊಂಡ ಮಾಲಿಗೆ, ಮಾಡಿಸಿಕೊಂಡ ಕೆಲಸಕ್ಕೆ, 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾಯ್ದೆಯೇ ಹೇಳುತ್ತದೆ. ಬ್ಯಾನರ್, ಫಾರಂ, ಆಮಂತ್ರಣ ಅಂತ ರಾತ್ರೋರಾತ್ರಿ ಮಾಡಿಸಿಕೊಂಡು ಹೋದ ಕಚೇರಿಯೊಂದರ ಬಿಲ್ ನನ್ನ ಫೈಲಿನಲ್ಲಿ ಹೋದ ವರ್ಷದಿಂದ ಇದೆ. ಅದು ಬಂದರೆ ನಾಳೆಯೇ ಒಬ್ಬ ಡಿಸೈನರ್‌ನನ್ನು ಸೇರಿಸಿಕೊಳ್ಳುತ್ತೇನೆ, ಪೂರ್ತಿ ಸಂಬಳ ನಾನೇ ಕೊಟ್ಟು.