ಸೂಕ್ತ ಅಂದ್ರೆ ಎಷ್ಟು ಸರ್?

ಸರ್ಕಾರಿ ಖರೀದಿ ವಿಭಾಗದವರಿಗೆ ಮಾತು ಬರುವುದಿಲ್ಲ ಅನ್ನುವವರು ಅವರ ಜೊತೆ ಲಿಫ್ಟ್ ಹತ್ತಿಲ್ಲ. ಮಾತೇನೋ ಚೆನ್ನಾಗಿಯೇ ಬರುತ್ತದೆ. ಮೀಟಿಂಗಿನಲ್ಲಿ ಮೈಕ್ ಕೊಟ್ಟಾಗ ಮಾತ್ರ ಬರುವುದಿಲ್ಲ.

ಪ್ರೀ-ಬಿಡ್ ಮೀಟಿಂಗ್ ಅಂತ ಒಂದಿರುತ್ತದೆ. ಟೆಂಡರ್‌ಗೆ ಬಿಡ್, ಅಂದರೆ ದರ, ಹಾಕುವವರು ಅನುಮಾನ ಕೇಳಿ ಬಗೆಹರಿಸಿಕೊಳ್ಳಲಿ ಅಂತಲೇ ಕರೆಯುವ ಸಭೆ.

“ಸರ್, ಪಂಪ್ ಸೂಕ್ತ ಸಾಮರ್ಥ್ಯದ್ದಾಗಿರಬೇಕು ಅಂತ ಬರೆದಿದ್ದೀರಿ. ಸೂಕ್ತ ಅಂದ್ರೆ ಎಷ್ಟು?”

ಸಾಹೇಬರು ಕನ್ನಡಕ ಏರಿಸಿ, ಪುಟ ತಿರುವಿ, “ಟೆಂಡರ್‌ನಲ್ಲಿ ಇರುವಷ್ಟು.”

“ಟೆಂಡರ್‌ನಲ್ಲಿ ‘ಸೂಕ್ತ’ ಅಂತಷ್ಟೇ ಇದೆ ಸರ್.”

“ಹಾಗಾದ್ರೆ ಸೂಕ್ತವಾಗಿಯೇ ಕೊಡಿ.”

ಪಂಪ್ ಬೇಕು ಅಂತ ಇಂಡೆಂಟ್ ಕಳಿಸಿದ ಎಂಜಿನಿಯರ್ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ. ನಿಮಿಷಕ್ಕೆ ಎಷ್ಟು ಲೀಟರ್, ಎಷ್ಟು ಎತ್ತರಕ್ಕೆ, ಎಲ್ಲ ಅವರಿಗೆ ಬಾಯಿಪಾಠ. ಅವರನ್ನು ಯಾರೂ ಕೇಳುವುದಿಲ್ಲ. ಕೇಳಬೇಕಾದರೆ ಫೈಲ್ ಮೂಲಕ ಕೇಳಬೇಕು, ಅಲ್ವಾ? ಹತ್ತು ದಿನ ಬಿಟ್ಟು ತಿದ್ದುಪಡಿ ಹೊರಬೀಳುತ್ತದೆ: “‘ಸೂಕ್ತ’ ಎಂಬುದನ್ನು ‘ಅಗತ್ಯಕ್ಕೆ ತಕ್ಕ’ ಎಂದು ಓದಿಕೊಳ್ಳತಕ್ಕದ್ದು.”

ಯಾಕೆ ಸ್ವಾಮಿ ಹೀಗೆ ಅಂದರೆ, “ಬಾಯಿ ಬಿಟ್ಟರೆ ಆಡಿಟ್‌ನವರು ಹಿಡಿಯುತ್ತಾರೆ, ರೂಲ್ಸ್ ಇದೆ” ಅನ್ನುತ್ತಾರೆ. ರೂಲ್ಸ್ ಪಾಪ, ಯಾರ ಬಾಯಿಗೂ ಬೀಗ ಹಾಕಿಲ್ಲ. ಸರ್ಕಾರಿ ಖರೀದಿಗೆ ಅಂತ ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ ಅನ್‌ಸಿಟ್ರಾಲ್ 2011ರಲ್ಲಿ ಒಂದು ಮಾದರಿ ಕಾನೂನು ತಂದಿತು. ಸಭೆ ಕರೆದರೆ ಪ್ರಶ್ನೆ, ಉತ್ತರ ಎರಡನ್ನೂ ಬರೆದಿಡಿ, ಕೇಳಿದವರು ಯಾರು ಅಂತ ಹೇಳದೆ ಎಲ್ಲ ಬಿಡ್‌ದಾರರಿಗೂ ಕಳಿಸಿ ಅನ್ನುತ್ತದೆ ಅದು. ಅಂದರೆ ಮಾತಾಡಿ, ಎಲ್ಲರಿಗೂ ಒಂದೇ ಮಾತು ಹೇಳಿ, ಅಷ್ಟೇ.

ಸಭೆ ಮುಗಿಯುತ್ತದೆ. ಲಿಫ್ಟಿನಲ್ಲಿ ಒಬ್ಬನೇ ಬಿಡ್‌ದಾರ ಸಿಗುತ್ತಾನೆ. ಸಾಹೇಬರ ನಾಲಿಗೆ ಸಡಿಲವಾಗುತ್ತದೆ. “ನೋಡಪ್ಪಾ, ಸೂಕ್ತ ಅಂದ್ರೆ...” ಕಾನೂನು ಬೇಡ ಅಂದಿದ್ದು ಇದೊಂದನ್ನೇ.

ಕೊನೆಗೆ ಮೇಲಿನವರು ಎಲ್ಲರಿಗೂ ಮಾತುಗಾರಿಕೆಯ ತರಬೇತಿ ಕೊಡಿಸಿ ಅಂದರು ಅಂತಿಟ್ಟುಕೊಳ್ಳಿ. ಅದಕ್ಕೂ ಟೆಂಡರ್. ಎಲ್ಲರಿಗಿಂತ ಕಡಿಮೆ ದರ ಹಾಕಿದವರು ಬರುತ್ತಾರೆ. ಅವರ ದನಿ ಎರಡನೇ ಸಾಲಿಗೂ ಮುಟ್ಟುವುದಿಲ್ಲ. ತಪ್ಪು ಅವರದಲ್ಲ, ದನಿ ಇರಬೇಕು ಅಂತ ಟೆಂಡರ್‌ನಲ್ಲಿ ಎಲ್ಲೂ ಬರೆದಿರಲಿಲ್ಲ. ಸಂಜೆ ಮಾತಿನ ಪರೀಕ್ಷೆ, ಬರವಣಿಗೆಯಲ್ಲಿ. ಮೊದಲ ಪ್ರಶ್ನೆ: “ಎದುರಿನವರು ಅನುಮಾನ ಕೇಳಿದಾಗ ಹೇಗೆ ಉತ್ತರಿಸುತ್ತೀರಿ?”

ಸಾಹೇಬರು ಪೆನ್ನಿನ ಕ್ಯಾಪ್ ತೆಗೆದು, ಅಕ್ಕಪಕ್ಕ ನೋಡಿ, ದುಂಡಗೆ ಬರೆಯುತ್ತಾರೆ: “ಟೆಂಡರ್‌ನಲ್ಲಿ ಇರುವಂತೆ.”