ಹಸಿವು ಬೇರೆ, ನೀರಡಿಕೆ ಬೇರೆ

ಮಳೆ ಹನಿಯುತ್ತಿದ್ದ ಆ ದಿನ, ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸಬೇಕಾದ ಟ್ರಯಥ್ಲಾನ್ ಸ್ಪರ್ಧೆಯಲ್ಲಿ, ಸೈಕಲ್ ಹಂತದ ನಾಲ್ಕನೇ ಗಂಟೆಗೆ, ನನ್ನ ಕೈಗಡಿಯಾರದ ಪಟ್ಟಿ ಮಣಿಕಟ್ಟನ್ನು ಕಚ್ಚತೊಡಗಿತು. ಬೆಳಿಗ್ಗೆ ಕಟ್ಟಿಕೊಂಡಾಗ ಒಂದು ಬೆರಳು ಸಲೀಸಾಗಿ ತೂರುವಷ್ಟು ಸಡಿಲವಿದ್ದ ಪಟ್ಟಿ ಅದು. ಒಂದು ತೂತು ಸಡಿಲಿಸಿ ಕಟ್ಟಿಕೊಂಡೆ. ಅರ್ಧ ಗಂಟೆಯಲ್ಲಿ ಮತ್ತೆ ಬಿಗಿಯಾಯಿತು. ಬೆರಳುಗಳು ಊದಿ ಬ್ರೇಕ್ ಹಿಡಿಯುವುದೇ ಕಷ್ಟವಾಗಿತ್ತು. ಹೊಟ್ಟೆಯಲ್ಲಿ ನೀರು ಕುಲುಕುವ ಸದ್ದು ನನಗೇ ಕೇಳುತ್ತಿತ್ತು. ಆದರೂ ಇಪ್ಪತ್ತು ನಿಮಿಷಕ್ಕೊಮ್ಮೆ ಗಡಿಯಾರ ಸದ್ದು ಮಾಡಿದಾಗಲೆಲ್ಲ ಬಾಟಲಿ ಎತ್ತಿ ಕುಡಿದೆ. ಹ್ಯಾಂಡಲ್ ಬಳಿ ಅಂಟಿಸಿದ್ದ ಚೀಟಿಯಲ್ಲಿ ಗಂಟೆಗೆ 900 ಮಿಲಿಲೀಟರ್ ಎಂದು ಬರೆದಿತ್ತು, ಚೀಟಿಯನ್ನು ನಾನು ನಂಬಿದ್ದೆ.

ಓಟದ ಹನ್ನೊಂದನೇ ಕಿಲೋಮೀಟರಿನಲ್ಲಿ ವಾಂತಿ ಬಂದು ಕುಳಿತುಬಿಟ್ಟೆ. ವೈದ್ಯಕೀಯ ಶಿಬಿರದಲ್ಲಿ ಮೊದಲು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಂಜಾನೆಯ ತೂಕಕ್ಕಿಂತ ಒಂದು ಕಿಲೋಗೂ ಹೆಚ್ಚು. ಒಂಬತ್ತು ಗಂಟೆ ದೇಹ ದಂಡಿಸಿದವನ ತೂಕ ಏರುವುದೆಂದರೆ ಒಳಗೆ ನೀರು ನಿಂತಿದೆ ಎಂದೇ ಅರ್ಥ. ಅದರಿಂದ ರಕ್ತ ತೆಳುವಾಗಿ, ಉಪ್ಪಿನ ಅಂಶವಾದ ಸೋಡಿಯಂ ಇಳಿದಿತ್ತು. ನೀರು ಕೊಡಲಿಲ್ಲ, ಉಪ್ಪು ಹೆಚ್ಚಿರುವ ಸಾರು ಕೊಟ್ಟು, ಮೂತ್ರ ಬರುವವರೆಗೆ ಮಲಗಿಸಿದರು.

ನಾಡು ಬಿಟ್ಟು ಬಂದು ಹಲವು ವರ್ಷಗಳಾದವು. ಈ ಅವಧಿಯಲ್ಲಿ ನಾನು ಎರಡು ಬಗೆಯ ತರಬೇತಿ ಗುಂಪುಗಳಲ್ಲಿ ಬೆಳೆದಿದ್ದೇನೆ. ಮೊದಲ ಗುಂಪಿನಲ್ಲಿ ಅಳತೆಯೆಂಬುದೇ ಇರಲಿಲ್ಲ. ದೇಹ ಕೇಳಿದಾಗ ಕೊಡು, ಕೇಳದಿದ್ದರೆ ಬಿಡು ಎಂಬುದೇ ಅಲ್ಲಿನ ಪಾಠ. ಈಗಿನ ಗುಂಪಿನವರು ಎಲ್ಲವನ್ನೂ ಅಳೆಯುತ್ತಾರೆ: ಇಷ್ಟು ಗ್ರಾಂ, ಇಷ್ಟು ಮಿಲಿಲೀಟರ್, ಇಷ್ಟು ಮಿಲಿಗ್ರಾಂ ಸೋಡಿಯಂ, ಎಲ್ಲವೂ ಒಂದೇ ಕೋಷ್ಟಕದಲ್ಲಿ. ಎರಡೂ ಕಡೆಯವರು ನನಗೆ ಬೇಕಾದವರು. ಎರಡೂ ಕಡೆಯ ಮಾತು ಅರ್ಧ ಸರಿ ಎಂಬುದನ್ನು ಮಾತ್ರ ನಾನು ತಡವಾಗಿ ಕಲಿತೆ. ನಾವು ಕನ್ನಡದಲ್ಲಿ ‘ಹಸಿವು ನೀರಡಿಕೆ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ದೂರದ ಟ್ರಯಥ್ಲಾನ್‌ನಲ್ಲಿ ಆ ಜೋಡಿಯನ್ನು ಬಿಡಿಸಲೇಬೇಕು. ಹಸಿವನ್ನು ನಂಬಬಾರದು, ನೀರಡಿಕೆಯನ್ನು ನಂಬಬೇಕು.

ಹಸಿವಿನ ಮಾತು ಮೊದಲು. ಪೂರ್ಣ ದೂರದ ಸ್ಪರ್ಧೆಯೆಂದರೆ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಆಮೇಲೆ 42.2 ಕಿಲೋಮೀಟರ್ ಓಟ. ನನ್ನಂಥವರಿಗೆ ಹದಿಮೂರು ಗಂಟೆಯ ಕೆಲಸ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಎಲ್ಲ ಸೇರಿ ಸುಮಾರು 500 ಗ್ರಾಂ, ಅಂದರೆ ಎರಡು ಸಾವಿರ ಕ್ಯಾಲೊರಿಯ ಆಸುಪಾಸು. ಕೊಬ್ಬು ಬೇಕಾದಷ್ಟಿದೆ, ಆದರೆ ಅದು ನಿಧಾನವಾಗಿ ಉರಿಯುವ ಸೌದೆ. ವೇಗ ಹೆಚ್ಚಿದಷ್ಟೂ ಸಕ್ಕರೆಯೇ ಬೇಕು. ಕೂಡಿಟ್ಟದ್ದು ಮುಗಿಯುವುದು ಲೆಕ್ಕ ಹಾಕಿದಷ್ಟು ಖಚಿತ. ಹಸಿವು ಮಾತ್ರ ಅದನ್ನು ಹೇಳುವುದಿಲ್ಲ. ಕಠಿಣ ವ್ಯಾಯಾಮ ಹಸಿವನ್ನು ಅಡಗಿಸುತ್ತದೆ. ಮೊದಲ ಗುಂಪಿನ ಪಾಠ ನೆಚ್ಚಿ ನಾನು ಓಡಿದ ಅರ್ಧ ದೂರದ ಸ್ಪರ್ಧೆಯಲ್ಲಿ ಸೈಕಲ್ ಮೇಲೆ ಹಸಿವೇ ಆಗಲಿಲ್ಲ, ಆದ್ದರಿಂದ ಏನನ್ನೂ ತಿನ್ನಲಿಲ್ಲ. ಓಟದ ಹದಿನಾರನೇ ಕಿಲೋಮೀಟರಿಗೆ ಕಾಲುಗಳು ನನ್ನವಲ್ಲ ಎನಿಸಿತು. ಎದುರಿನ ಫಲಕದ ಅಂಕಿಯನ್ನು ಎರಡು ಸಲ ಓದಿದರೂ ಅರ್ಥವಾಗಲಿಲ್ಲ.

ಇದು ಹೊಸಬರ ತಪ್ಪು ಮಾತ್ರವಲ್ಲ. ಹವಾಯಿಯ ಕೋನಾದ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಶಿಪ್ ಎಂಬ ಪೂರ್ಣ ದೂರದ ಸ್ಪರ್ಧೆಯನ್ನು ಒಟ್ಟು ಎಂಟು ಬಾರಿ ಗೆದ್ದ ಪೌಲಾ ನ್ಯೂಬಿ-ಫ್ರೇಸರ್ 1995ರಲ್ಲಿ ಕೊನೆಯ ಕೆಲವು ನೂರು ಮೀಟರ್ ಉಳಿದಿರುವಾಗ ರಸ್ತೆಯಲ್ಲೇ ಕುಸಿದರು. ಮುನ್ನಡೆ ಕೈತಪ್ಪುತ್ತದೆಂಬ ಆತುರದಲ್ಲಿ ಕೊನೆಕೊನೆಯ ನೀರು-ಆಹಾರದ ಮೇಜುಗಳನ್ನು ದಾಟಿ ಓಡಿದ್ದರು. ಬಹಳ ಹೊತ್ತು ನೆಲದ ಮೇಲೆ ಮಲಗಿದ್ದು, ಆಮೇಲೆ ನಡೆದೇ ಗುರಿ ಮುಟ್ಟಿ ನಾಲ್ಕನೆಯವರಾದರು. ಮರುವರ್ಷ ಅದೇ ಸ್ಪರ್ಧೆಯನ್ನು ಗೆದ್ದರು. ಅಂಥ ಅನುಭವಿಗೂ ದೇಹ ಮುಂಚಿತವಾಗಿ ಸೂಚನೆ ಕೊಡಲಿಲ್ಲವೆಂದರೆ, ತಿನ್ನುವ ವಿಷಯದಲ್ಲಿ ಗಡಿಯಾರವೇ ಗುರು ಎಂದು ನಾನು ಒಪ್ಪುತ್ತೇನೆ. ಇಲ್ಲಿ ಈಗಿನ ಗುಂಪು ನೂರಕ್ಕೆ ನೂರು ಸರಿ.

ಎಷ್ಟು ತಿನ್ನಬೇಕು ಎಂಬುದಕ್ಕೂ ತಳಹದಿ ಇದೆ. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಒಳಹೋಗುವ ಬಾಗಿಲು ಒಂದು, ಹಣ್ಣಿನ ಸಕ್ಕರೆಯಾದ ಫ್ರಕ್ಟೋಸಿನದು ಇನ್ನೊಂದು. ಗ್ಲೂಕೋಸಿನ ಬಾಗಿಲಿನಿಂದ ಗಂಟೆಗೆ ಸುಮಾರು 60 ಗ್ರಾಂ ಮಾತ್ರ ಸಾಗುತ್ತದೆ. ಅದಕ್ಕಿಂತ ಹೆಚ್ಚು ಸುರಿದರೆ ಕರುಳಿನಲ್ಲಿ ಕುಳಿತು ಕಾಡುತ್ತದೆ. ಎರಡನ್ನೂ ಬೆರೆಸಿದರೆ ಗಂಟೆಗೆ 90 ಗ್ರಾಂ ತನಕ ದೇಹ ಬಳಸಿಕೊಳ್ಳಬಲ್ಲದು ಎಂಬುದನ್ನು ಈ ಶತಮಾನದ ಮೊದಲ ದಶಕದಲ್ಲಿ ಕ್ರೀಡಾ ಪೋಷಣೆಯ ವಿಜ್ಞಾನಿ ಆಸ್ಕರ್ ಯೂಕೆಂಡ್ರಪ್ ಅವರ ತಂಡ ಪ್ರಯೋಗಗಳಲ್ಲಿ ತೋರಿಸಿತು. ಸ್ಪರ್ಧೆಯಲ್ಲಿ ನುಂಗುವ ಸಕ್ಕರೆಯ ಜೆಲ್‌ಗಳ ಪೊಟ್ಟಣದ ಮೇಲೆ ಗ್ಲೂಕೋಸ್ ಎರಡಕ್ಕೆ ಫ್ರಕ್ಟೋಸ್ ಒಂದು ಎಂಬ ಪ್ರಮಾಣ ಕಾಣುವುದು ಇದರಿಂದಲೇ. ಈಚೆಗೆ ವೃತ್ತಿಪರರು 120 ಗ್ರಾಂ ವರೆಗೂ ಹೋಗುತ್ತಿದ್ದಾರೆ. ಅವರನ್ನು ನೋಡಿ ನಮ್ಮ ಗುಂಪಿನ ಕೆಲವರು ಸ್ಪರ್ಧೆಯ ವಾರದಲ್ಲೇ ಆ ಅಂಕಿಗೆ ಹಾರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕಾಲಿಗೆ ಅಭ್ಯಾಸ ಬೇಕಾದಂತೆ ಕರುಳಿಗೂ ಬೇಕು. 50 ಗ್ರಾಂನಿಂದ ಶುರುಮಾಡಿ, ವಾರದ ದೀರ್ಘ ಸವಾರಿಯಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿ, ಎರಡು ಮೂರು ತಿಂಗಳಲ್ಲಿ ನಾನು 80ಕ್ಕೆ ಬಂದೆ. ಅಲ್ಲಿಗೆ ನಿಲ್ಲಿಸಿದ್ದೇನೆ.

ತಿನ್ನಲು ಸೈಕಲ್ಲೇ ಸರಿಯಾದ ಜಾಗ. ಈಜುವಾಗ ಸಾಧ್ಯವಿಲ್ಲ, ಓಡುವಾಗ ಹೊಟ್ಟೆ ಕುಲುಕುತ್ತದೆ.

ನೀರಿನ ವಿಷಯಕ್ಕೆ ಬಂದರೆ ಈಗಿನ ಗುಂಪಿನೊಂದಿಗೆ ನನ್ನ ತಕರಾರು ಗಟ್ಟಿಯಾಗಿದೆ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಎಂಬ ಕ್ರೀಡಾ ವೈದ್ಯಕೀಯ ಸಂಸ್ಥೆ 1996ರಲ್ಲಿ ಕೊಟ್ಟ ಸಲಹೆಯಲ್ಲಿ, ಬೆವರಿನಲ್ಲಿ ಹೋದಷ್ಟನ್ನೂ ತುಂಬುವಂತೆ, ಇಲ್ಲವೇ ಹೊಟ್ಟೆ ತಾಳುವಷ್ಟು ಕುಡಿಯುವಂತೆ ಹೇಳಿತ್ತು. ಬಾಯಾರುವ ಹೊತ್ತಿಗೆ ತಡವಾಗಿರುತ್ತದೆ ಎಂಬ ಮಾತು ಮನೆಮಾತಾದದ್ದು ಆ ಕಾಲದಲ್ಲಿ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡಾ 13ರಷ್ಟು ಮಂದಿಯಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕೆಳಗಿತ್ತು. ಅದಕ್ಕೆ ಎಲ್ಲಕ್ಕಿಂತ ಬಲವಾಗಿ ಹೊಂದಿಕೆಯಾದ ಸಂಗತಿ ಓಟದ ಅವಧಿಯಲ್ಲಿ ತೂಕ ಏರಿದ್ದು, ಅಂದರೆ ಕುಡಿದದ್ದು ಅತಿಯಾದದ್ದು. 2007ರಲ್ಲಿ ಅದೇ ಸಂಸ್ಥೆ ಸಲಹೆಯನ್ನು ತಿದ್ದಿತು: ತೂಕ ಶೇಕಡಾ 2ಕ್ಕಿಂತ ಹೆಚ್ಚು ಇಳಿಯದಿರಲಿ, ಆದರೆ ಅತಿಯಾಗಿಯೂ ಕುಡಿಯಬೇಡಿ, ಪ್ರತಿಯೊಬ್ಬರೂ ತಮ್ಮ ಬೆವರಿನ ಲೆಕ್ಕ ತಾವೇ ಕಂಡುಕೊಳ್ಳಿ. ಸಲಹೆ ಬದಲಾಯಿತು, ಹಳೆಯ ಮಾತು ಗುಂಪುಗಳಲ್ಲಿ ಉಳಿದುಕೊಂಡಿತು. ನನ್ನ ಚೀಟಿಯಲ್ಲಿದ್ದ 900 ಮಿಲಿಲೀಟರ್ ಬಿಸಿಲಿನ ದಿನದ ತರಬೇತಿಯಲ್ಲಿ ಅಳೆದದ್ದು. ಆ ಮಳೆಯ ದಿನ ನಾನು ಅದರ ಅರ್ಧದಷ್ಟೂ ಬೆವರಿರಲಿಕ್ಕಿಲ್ಲ.

ಉಪ್ಪಿನ ಮಾತ್ರೆ ನುಂಗಿದರೆ ಆಯಿತಲ್ಲ ಎನ್ನುವವರಿದ್ದಾರೆ. ಆ ದಿನ ನಾನೂ ನುಂಗಿದ್ದೆ. ತೊಟ್ಟಿ ತುಂಬಿ ಹರಿಯುತ್ತಿರುವಾಗ ಒಂದು ಚಿಟಿಕೆ ಉಪ್ಪು ಎಷ್ಟನ್ನು ಸರಿಪಡಿಸೀತು? ಬೆವರಿನ ಉಪ್ಪು ಒಬ್ಬರಿಂದ ಒಬ್ಬರಿಗೆ ಹಲವು ಪಟ್ಟು ಬೇರೆ, ಬಟ್ಟೆಯ ಮೇಲೆ ಬಿಳಿಗೆರೆ ಕಟ್ಟುವವರಿಗೆ ಉಪ್ಪು ಹೆಚ್ಚು ಬೇಕು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅತಿಯಾಗಿ ಕುಡಿದದ್ದಕ್ಕೆ ಅದು ಪರಿಹಾರವಲ್ಲ.

ಈ ಎರಡು ಲೆಕ್ಕಗಳು ಬೆರೆತುಹೋಗುವ ಜಾಗ ಬಾಟಲಿ. ಗಂಟೆಗೆ ಬೇಕಾದ 80 ಗ್ರಾಂ ಸಕ್ಕರೆಯನ್ನೂ ಒಂದು ಗಂಟೆಯ ನೀರಿನಲ್ಲೇ ಕರಗಿಸಿಟ್ಟರೆ ಏನಾಗುತ್ತದೆ ನೋಡಿ. ಚಳಿಯ ದಿನ ಬಾಯಾರಿಕೆ ಕಡಿಮೆ. ಕಡಿಮೆ ಕುಡಿದರೆ ತಿನ್ನುವುದೂ ಕಡಿಮೆಯಾಗಿ ಓಟದಲ್ಲಿ ಬೀಳುತ್ತೀರಿ. ತಿನ್ನಬೇಕೆಂದು ಕುಡಿದರೆ ನನ್ನಂತೆ ಊದಿಕೊಳ್ಳುತ್ತೀರಿ. ಬಿಸಿಲಿನಲ್ಲಿ ತದ್ವಿರುದ್ಧ: ಬಾಯಾರಿದಷ್ಟೂ ಕುಡಿದು ಸಕ್ಕರೆ ಅತಿಯಾಗಿ ಹೊಟ್ಟೆ ಕೆಡುತ್ತದೆ. ಹೀಗಾಗಿ ನಾನೀಗ ಮೂರು ಗಂಟೆಯ ಸಕ್ಕರೆಯನ್ನು ಒಂದೇ ಬಾಟಲಿಯಲ್ಲಿ ಜೇನಿನಷ್ಟು ಮಂದವಾಗಿ ಕಲಸಿ, ಪಕ್ಕಕ್ಕೆ ಗಂಟೆಗೊಂದರಂತೆ ಪೆನ್ನಿನಿಂದ ಗೆರೆ ಎಳೆದಿಡುತ್ತೇನೆ. ಗಡಿಯಾರ ಕೂಗಿದಾಗ ಅದರಿಂದ ಒಂದು ಗುಟುಕು, ಹಿಂದೆಯೇ ಬರಿಯ ನೀರು ಎರಡು ಗುಟುಕು. ಎರಡನೇ ಬಾಟಲಿಯಲ್ಲಿ ನೀರು ಮಾತ್ರ. ಅದಕ್ಕೆ ಗೆರೆಯಿಲ್ಲ, ಮಿಕ್ಕಂತೆ ಬಾಯಾರಿದಾಗ ಕುಡಿಯುತ್ತೇನೆ.

ಬಾಯಾರಿಕೆಯನ್ನು ನಂಬುವುದೆಂದರೆ ಕಣ್ಣುಮುಚ್ಚಿ ಹೋಗುವುದಲ್ಲ. ಗಂಟೆಗೆ ಒಂದೂವರೆ ಲೀಟರ್ ಬೆವರುವವರು ಸುಡುಬಿಸಿಲಿನಲ್ಲಿ ಬರಿಯ ಬಾಯಾರಿಕೆಯ ಮಾತಿಗೆ ಬಿಟ್ಟರೆ ಹಿಂದೆ ಬೀಳಬಹುದು ಎಂಬ ನಮ್ಮ ಗುಂಪಿನ ಹಿರಿಯರ ವಾದಕ್ಕೆ ಬೆಲೆಯಿದೆ. ಅದಕ್ಕಾಗಿಯೇ ಸವಾರಿಗೆ ಮುಂಚೆ ಮತ್ತು ನಂತರ, ಬಟ್ಟೆ ಕಳಚಿ ತೂಗಿಕೊಳ್ಳಬೇಕು. ಇಳಿದ ಕಿಲೋಗೆ ಕುಡಿದ ಲೀಟರ್ ಕೂಡಿಸಿದರೆ ಬೆವರಿನ ಅಂದಾಜು ಸಿಗುತ್ತದೆ. ಚಳಿಯಲ್ಲೊಮ್ಮೆ, ಬಿಸಿಲಲ್ಲೊಮ್ಮೆ ಮಾಡಬೇಕು. ಆ ಅಂಕಿ ಎಷ್ಟು ಬಾಟಲಿ ಹೊರಬೇಕು ಎಂದು ಹೇಳುತ್ತದೆ, ಎಷ್ಟು ಕುಡಿಯಲೇಬೇಕು ಎಂದಲ್ಲ. ಸುಟ್ಟ ಗ್ಲೈಕೋಜನ್ ಕೂಡ ತೂಕ ಇಳಿಸುವುದರಿಂದ, ದಿನದ ಕೊನೆಗೆ ಒಂದೆರಡು ಕಿಲೋ ಕಡಿಮೆಯಾದರೆ ನಾನು ಗಾಬರಿಯಾಗುವುದಿಲ್ಲ.

ಮೊದಲ ಗುಂಪಿನ ಗೆಳೆಯರೊಬ್ಬರು ಕಳೆದ ವಾರ ಫೋನ್ ಮಾಡಿ, ತಮ್ಮ ಮೊದಲ ಪೂರ್ಣ ದೂರದ ಸ್ಪರ್ಧೆಗೆ ನನ್ನ ಚೀಟಿಯ ಪ್ರತಿ ಕಳಿಸುವಂತೆ ಕೇಳಿದರು. ತಿನ್ನುವ ಅಂಕಣವನ್ನು ಅವರ ಅಭ್ಯಾಸದ ಅಂಕಿಗಳಿಂದ ಇಬ್ಬರೂ ಕೂತು ತುಂಬಿದೆವು. ನೀರಿನ ಅಂಕಣದಲ್ಲಿ ಏನು ಬರೆಯಲಿ ಎಂದು ಕೇಳಿದಾಗ, ಗಡಿಯಾರದ ಪಟ್ಟಿಯನ್ನು ಒಂದು ಬೆರಳು ತೂರುವಷ್ಟು ಸಡಿಲವಾಗಿ ಕಟ್ಟಿಕೊಳ್ಳಿ, ಆಗಾಗ ಬೆರಳು ತೂರಿಸಿ ನೋಡಿ ಎಂದು ಬರೆಸಿದೆ.